ಎಳೆಯ ಮಕ್ಕಳ ಪರವಾಗಿ ನಿಂತ ಮಾರ್ಗರೆಟ್ ಮ್ಯಾಕ್‌ಮಿಲನ್

ಮಕ್ಕಳು ನಾಡಿನ ಸಂಪತ್ತೆಂದು ಸಾರದ ವೇದಿಕೆಯಿಲ್ಲ. ಆ ಮಾತನ್ನು ಅಲ್ಲಗಳೆಯುವವರೂ ಇಲ್ಲ. ಆದರೆ ಆ ಸಂಪತ್ತಿನ ರಕ್ಷಣೆಯ ಹೊಣೆ ಯಾರದು, ಅದಕ್ಕೆ ತಗಲುವ ವೆಚ್ಚವನ್ನು ಭರಿಸುವವರು ಯಾರು ಎಂಬ ಪ್ರಶ್ನೆ ಎದ್ದೊಡನೆ ವೇದಿಕೆಯ ಉತ್ಸಾಹ ಇಳಿದುಹೋಗುತ್ತದೆ. ಕೂಲಿಗೆ ಹೋದ ತಾಯಿಯ ಎರಡು ವರ್ಷದ ಮಗು ಹಗಲೆಲ್ಲ ಎಲ್ಲಿರಬೇಕು, ಏನನ್ನು ಉಣ್ಣಬೇಕು, ಅದರ ಕಿವಿ ಸೋರಿದರೆ ನೋಡುವವರಾರು ಎಂಬುದು ಬಹುಕಾಲ ಆ ತಾಯಿಯೊಬ್ಬಳ ಕಷ್ಟವಾಗಿಯೇ ಉಳಿದಿತ್ತು. ಅದು ಶಾಸನಸಭೆ ಕುಳಿತು ಯೋಚಿಸಬೇಕಾದ ವಿಷಯವೆಂದು ಇಂಗ್ಲೆಂಡಿನ ರಾಜಕಾರಣಿಗಳಿಗೆ ಮನವರಿಕೆ ಮಾಡಿಕೊಡಲು ಸುಮಾರು 40 ವರ್ಷಗಳನ್ನು ಸವೆಸಿದ ಮಹಾಮಹಿಳೆ ಮಾರ್ಗರೆಟ್ ಮ್ಯಾಕ್‌ಮಿಲನ್. ಅವರಲ್ಲಿ ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ಆ ಹೋರಾಟದ ಬಹುಭಾಗದಲ್ಲಿ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕೂ ಅವರಿಗಿರಲಿಲ್ಲ. ಆದರೂ ಮಕ್ಕಳ ಊಟ, ಆರೋಗ್ಯ, ಶಿಶುಪಾಲನೆಗಳನ್ನು ಕುರಿತು ಆ ದೇಶದಲ್ಲಿ ಬಂದ ಮೂರು ಮುಖ್ಯ ಶಾಸನಗಳ ಹಿಂದೆ ಅವರ ದುಡಿಮೆಯಿದೆ.

ಮಾರ್ಗರೆಟ್ ಹುಟ್ಟಿದ್ದು 1860ರ ಜುಲೈ 20ರಂದು, ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದ ವೆಸ್ಟ್‌ಚೆಸ್ಟರ್ ಪ್ರಾಂತದಲ್ಲಿ. ತಂದೆ ಜೇಮ್ಸ್, ತಾಯಿ ಜೀನ್ ಇಬ್ಬರೂ ಸ್ಕಾಟ್ಲೆಂಡಿನಿಂದ ವಲಸೆ ಹೋದವರು. ಅಕ್ಕ ರೇಚಲ್ ಒಂದು ವರ್ಷಕ್ಕೆ ದೊಡ್ಡವಳು, ತಂಗಿಯೊಬ್ಬಳು ಎಲಿಜಬೆತ್. 1865ರಲ್ಲಿ ಆ ಮನೆಯ ಮೇಲೆ ಸಿಡಿಲೆರಗಿತು. ತಂದೆಯೂ ಎಳೆಯ ತಂಗಿಯೂ ಅದೇ ವರ್ಷ ತೀರಿಕೊಂಡರು. ಐದು ವರ್ಷದ ಮಾರ್ಗರೆಟ್ ಕೆಂಜ್ವರದಿಂದ ಬದುಕಿ ಉಳಿದಳಾದರೂ ಅವಳ ಕಿವಿ ಕೇಳಿಸದಾಯಿತು. ವಿಧವೆಯಾದ ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಸಾಗರ ದಾಟಿ ಸ್ಕಾಟ್ಲೆಂಡಿನ ಇನ್ವರ್ನೆಸ್ ಪಟ್ಟಣದಲ್ಲಿದ್ದ ತವರುಮನೆಯನ್ನು ಸೇರಿದಳು. ಹದಿನಾಲ್ಕನೆಯ ವಯಸ್ಸಿನ ಸುಮಾರಿಗೆ ಮಾರ್ಗರೆಟಳಿಗೆ ಮತ್ತೆ ಶ್ರವಣಶಕ್ತಿ ಬಂದಿತು. ಸಕಾಲದಲ್ಲಿ ಆರೈಕೆ ದೊರೆಯದ ಒಂದು ಬೇನೆ ಮಗುವಿನ ಕಲಿಕೆಯ ವರ್ಷಗಳನ್ನು ಹೇಗೆ ನುಂಗುತ್ತದೆಂಬುದನ್ನು ಅವಳು ತನ್ನ ದೇಹದಲ್ಲಿಯೇ ಅನುಭವಿಸಿ ಬೆಳೆದಳು. ಮುಂದೆ ಸಾವಿರಾರು ಮಕ್ಕಳ ಕಿವಿ, ಗಂಟಲು, ಕಣ್ಣುಗಳನ್ನು ಕುರಿತು ಆಡಳಿತದವರೊಂದಿಗೆ ವಾದಿಸಿದ ಹೆಣ್ಣುಮಗಳ ಬಾಲ್ಯ ಇಂತಹುದಾಗಿತ್ತೆಂಬುದನ್ನು ನೆನಪಿನಲ್ಲಿಡಬೇಕು.

1877ರಲ್ಲಿ ತಾಯಿಯೂ ಕಣ್ಮುಚ್ಚಿದಳು. ಹಾಸಿಗೆ ಹಿಡಿದ ಅಜ್ಜಿಯ ಶುಶ್ರೂಷೆಗಾಗಿ ರೇಚಲ್ ಮನೆಯಲ್ಲಿಯೇ ನಿಂತಳು. ಮಾರ್ಗರೆಟ್ ಜರ್ಮನಿಯಲ್ಲಿ ಸಂಗೀತವನ್ನೂ ಸ್ವಿಟ್ಜರ್ಲೆಂಡಿನಲ್ಲಿ ಭಾಷೆಗಳನ್ನೂ ಕಲಿತು ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ವೃತ್ತಿಯನ್ನು ಹಿಡಿದಳು. 1888ರಲ್ಲಿ ಅಜ್ಜಿ ತೀರಿಕೊಂಡ ಬಳಿಕ ಸೋದರಿಯರಿಬ್ಬರೂ ಲಂಡನ್ ನಗರದಲ್ಲಿ ಕೂಡಿದರು. ದುಡಿಯುವ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ರೇಚಲರಿಗೆ ಕೆಲಸ ದೊರೆತಿತ್ತು. ಅಷ್ಟರಲ್ಲಿ ಅವರು ಕ್ರೈಸ್ತ ಸಮಾಜವಾದದ ಕಡೆಗೆ ತಿರುಗಿದ್ದರು. ತಂಗಿಗೂ ಆ ದಾರಿಯನ್ನು ತೋರಿದವರು ಅವರೇ. 1889ರಲ್ಲಿ ಲಂಡನ್ ಬಂದರಿನ ಕೂಲಿಕಾರರು ಮುಷ್ಕರ ಹೂಡಿದಾಗ ಸೋದರಿಯರು ಅವರ ನೆರವಿಗೆ ನಿಂತರು. ಮಾರ್ಗರೆಟ್ ಸಿರಿವಂತ ಮಹಿಳೆಯೊಬ್ಬರ ಆಶ್ರಯದಲ್ಲಿದ್ದು ರಂಗಭೂಮಿಗಾಗಿ ಸಿದ್ಧರಾಗುತ್ತಿದ್ದ ಕಾಲವದು. ನಟಿಯಾಗಿ ಕೀರ್ತಿಯನ್ನೂ ಹಣವನ್ನೂ ಗಳಿಸುವ ದಾರಿ ಎದುರಿಗೆ ತೆರೆದಿತ್ತು. ಅವರು ಅದನ್ನು ಬಿಟ್ಟರು. ರಂಗಕ್ಕಾಗಿ ಪಳಗಿದ ಕಂಠವನ್ನು ಬಡವರ ಸಭೆಗಳಿಗೆ ಮೀಸಲಿಟ್ಟರು.

1893ರಲ್ಲಿ ಸೋದರಿಯರು ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರಕ್ಕೆ ಹೋದರು. ಅದು ಉಣ್ಣೆಯ ಗಿರಣಿಗಳ ಊರು. ಅದೇ ವರ್ಷ ಸ್ವತಂತ್ರ ಕಾರ್ಮಿಕ ಪಕ್ಷ ಜನ್ಮತಾಳಿದ್ದು ಆ ಊರಿನಲ್ಲಿಯೇ. ಅಲ್ಲಿ ಅರ್ಧ ದಿನ ಗಿರಣಿಯಲ್ಲಿ ದುಡಿದು ಉಳಿದರ್ಧ ದಿನ ಶಾಲೆಯಲ್ಲಿ ಕೂರುವ ಮಕ್ಕಳ ಸಂಖ್ಯೆ ದೊಡ್ಡದಾಗಿತ್ತು. ಹನ್ನೊಂದು ವರ್ಷ ತುಂಬಿದ ಮಗುವನ್ನು ಹೀಗೆ ದುಡಿಸಿಕೊಳ್ಳಲು ಅಂದಿನ ಕಾಯಿದೆಯೇ ಅವಕಾಶವಿತ್ತಿತ್ತು. ನಸುಕಿನಲ್ಲೆದ್ದು ಯಂತ್ರಗಳ ನಡುವೆ ನಿಂತು ಬಂದ ಮಕ್ಕಳು ಮಧ್ಯಾಹ್ನದ ಪಾಠದಲ್ಲಿ ಮೇಜಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಿದ್ದರು. ಶಿಕ್ಷಕರು ಅವರನ್ನು ಎಬ್ಬಿಸಿ ಎಬ್ಬಿಸಿ ಸೋಲುತ್ತಿದ್ದರು.

ಪಾರ್ಲಿಮೆಂಟಿನ ಬಾಗಿಲು ಸ್ತ್ರೀಯರಿಗೆ ಮುಚ್ಚಿತ್ತಾದರೂ ಶಾಲಾ ಮಂಡಳಿಗಳಿಗೆ ಅವರು ಸ್ಪರ್ಧಿಸಬಹುದಾಗಿತ್ತು. 1894ರಲ್ಲಿ ಮಾರ್ಗರೆಟ್ ಕಾರ್ಮಿಕ ಪಕ್ಷದ ಪರವಾಗಿ ನಿಂತು ಬ್ರಾಡ್‌ಫರ್ಡ್ ಶಾಲಾ ಮಂಡಳಿಗೆ ಆಯ್ಕೆಯಾದರು. ಮಂಡಳಿಯಲ್ಲಿ ಪಠ್ಯ, ಕಟ್ಟಡ, ವೇತನಗಳನ್ನು ಕುರಿತು ಚರ್ಚೆ ನಡೆಯುತ್ತಿತ್ತು. ಮಾರ್ಗರೆಟರು ಚರ್ಚೆಯನ್ನು ಮಗುವಿನ ದೇಹದ ಕಡೆಗೆ ತಿರುಗಿಸಿದರು. ಹಸಿದ ಹೊಟ್ಟೆಗೆ, ಕೊಳೆಯಾದ ಮೈಗೆ, ಹುಳುಕಾದ ಹಲ್ಲಿಗೆ ಪಾಠ ಹತ್ತುವುದಿಲ್ಲವೆಂಬುದು ಅವರ ನಿಲುವು. ಮಂಡಳಿಯ ವೈದ್ಯಾಧಿಕಾರಿ ಜೇಮ್ಸ್ ಕೆರ್ ಅವರ ಜೊತೆಗೂಡಿ ಅವರು ಪ್ರಾಥಮಿಕ ಶಾಲೆಯ ಮಕ್ಕಳ ವೈದ್ಯಕೀಯ ತಪಾಸಣೆಯನ್ನು ನಡೆಸಿದರು. ಬ್ರಿಟನ್ನಿನಲ್ಲಿ ದಾಖಲೆಗೆ ಬಂದ ಇಂಥ ತಪಾಸಣೆಗಳಲ್ಲಿ ಅದೇ ಮೊದಲನೆಯದು. ಚಳಿಗಾಲ ಬಂದಾಗ ಮೈಮೇಲಿನ ಬಟ್ಟೆಯನ್ನು ಹೊಲಿದುಬಿಟ್ಟು, ತಿಂಗಳುಗಟ್ಟಲೆ ಬಿಚ್ಚದೆ ಇದ್ದ ಮಕ್ಕಳು ಹಲವರು ಕಂಡುಬಂದರು. ಮನೆಯಲ್ಲಿ ಸ್ನಾನಕ್ಕೆ ತಾವಿರಲಿಲ್ಲ, ಬಿಸಿನೀರಿಗೆ ಉರುವಲಿರಲಿಲ್ಲ, ತಾಯಿಗೆ ಬಿಡುವಿರಲಿಲ್ಲ.

ಮಾರ್ಗರೆಟರು ಶಾಲೆಯಲ್ಲಿಯೇ ಸ್ನಾನಗೃಹ ಬೇಕೆಂದು ಹಟ ಹಿಡಿದರು. ಮಗುವಿಗೆ ಮೈತೊಳೆಯುವುದು ಶಾಲೆಯ ಕೆಲಸವಲ್ಲ, ಕರದಾತರ ಹಣ ಅದಕ್ಕಲ್ಲ ಎಂಬ ಆಕ್ಷೇಪ ಬಂದಿತು. ಅವರು ಸೋಲಲಿಲ್ಲ. 1897ರಲ್ಲಿ ವ್ಯಾಪಿಂಗ್ ರೋಡ್ ಶಾಲೆಯಲ್ಲಿ ಸ್ನಾನಗೃಹ ಆರಂಭವಾಯಿತು. ಆ ದೇಶದ ಪ್ರಾಥಮಿಕ ಶಾಲೆಗಳಲ್ಲಿ ಇಂಥದು ಇದೇ ಮೊದಲು. ಮೊದಲು ಒಂದು ಕಡೆ ಮಾಡಿ ತೋರಿಸುವುದು, ಅದರ ಫಲವನ್ನು ಕಣ್ಣಿಗೆ ಕಾಣುವಂತೆ ಮುಂದಿಡುವುದು, ಆಮೇಲೆ ಎಲ್ಲ ಕಡೆಗೂ ಕಾಯಿದೆಯನ್ನು ಕೇಳುವುದು - ಇದು ಅಂದಿನಿಂದ ಅವರ ಕಾರ್ಯಪದ್ಧತಿಯಾಯಿತು.

ಎರಡು ಬಾರಿ ಪುನರಾಯ್ಕೆಯಾಗಿ ಎಂಟು ವರ್ಷ ದುಡಿದ ಮೇಲೆ ಅವರ ಕಾಲಕೆಳಗಿನ ನೆಲವೇ ಸರಿಯಿತು. 1902ರ ಶಿಕ್ಷಣ ಶಾಸನ ಶಾಲಾ ಮಂಡಳಿಗಳನ್ನು ರದ್ದುಗೊಳಿಸಿ ಅವುಗಳ ಅಧಿಕಾರವನ್ನು ನಗರಸಭೆ, ಪ್ರಾಂತಸಭೆಗಳಿಗೆ ವಹಿಸಿತು. ಆ ಸಭೆಗಳಿಗೆ ಚುನಾಯಿತರಾಗುವ ಹಕ್ಕು ಅಂದು ಸ್ತ್ರೀಯರಿಗಿರಲಿಲ್ಲ. ಮಾರ್ಗರೆಟರು ಸ್ಥಾನವನ್ನು ಕಳೆದುಕೊಂಡು ಕೆಂಟ್ ಪ್ರಾಂತದ ಬ್ರಾಮ್ಲಿಯಲ್ಲಿದ್ದ ಅಕ್ಕನ ಬಳಿಗೆ ಬಂದರು. ರೇಚಲರು ಆರೋಗ್ಯ ನಿರೀಕ್ಷಕಿಯ ತರಬೇತಿ ಪಡೆದು ಹಳ್ಳಿ ಪಟ್ಟಣಗಳಲ್ಲಿ ಸಂಚರಿಸುತ್ತ ಆರೋಗ್ಯಶಾಸ್ತ್ರವನ್ನು ಬೋಧಿಸುತ್ತಿದ್ದರು. ಬ್ರಾಡ್‌ಫರ್ಡಿನಲ್ಲಿ ಮುಚ್ಚಿದ ಬಾಗಿಲನ್ನು ಮತ್ತೆ ತಟ್ಟುವ ಬದಲು ಮಾರ್ಗರೆಟರು ಇನ್ನೂ ದೊಡ್ಡದಾದ ಪಾರ್ಲಿಮೆಂಟಿನ ಬಾಗಿಲಿಗೇ ಹೋದರು.

ಕಾಲವೂ ಒಂದಿಷ್ಟು ಅನುಕೂಲವಾಗಿತ್ತು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆಂದು ಸೈನ್ಯ ಸೇರಲು ಬಂದ ತರುಣರಲ್ಲಿ ಬಹುಮಂದಿ ಅಶಕ್ತರೆಂದು ತಿರಸ್ಕೃತರಾದದ್ದು ಆಳುವವರನ್ನು ಕಳವಳಗೊಳಿಸಿತ್ತು. ಜನತೆಯ ದೇಹಶಕ್ತಿಯ ಕುಸಿತವನ್ನು ವಿಚಾರಿಸಲು ನೇಮಕವಾದ ಸಮಿತಿ 1904ರಲ್ಲಿ ವರದಿಯಿತ್ತು, ಶಾಲೆಯ ಮಕ್ಕಳ ವೈದ್ಯಕೀಯ ತಪಾಸಣೆ ಮತ್ತು ಊಟದ ಏರ್ಪಾಡನ್ನು ಸೂಚಿಸಿತು. ದಯೆಯಿಂದ ಕೇಳಿದಾಗ ಕಿವಿಗೊಡದವರು ಸೈನ್ಯದ ಭಯದಿಂದ ಕಿವಿಗೊಟ್ಟರು. ಮಾರ್ಗರೆಟರು ಈ ಅವಕಾಶವನ್ನು ಬಿಡಲಿಲ್ಲ. ಕಾರ್ಮಿಕ ಪತ್ರಿಕೆಗಳಲ್ಲಿ ಬರೆದರು, ಊರೂರು ಸುತ್ತಿ ಭಾಷಣ ಮಾಡಿದರು, ಪಾರ್ಲಿಮೆಂಟಿನ ಸದಸ್ಯರನ್ನೂ ಅಧಿಕಾರಿಗಳನ್ನೂ ಕಂಡರು, ನಿಯೋಗಗಳ ಮುಂದಾಳಾಗಿ ಹೋದರು. 1906ರ ಚುನಾವಣೆಯಲ್ಲಿ ಕಾರ್ಮಿಕ ಸದಸ್ಯರು ಗಣನೀಯ ಸಂಖ್ಯೆಯಲ್ಲಿ ಕಾಮನ್ಸ್ ಸಭೆಗೆ ಬಂದರು. ಬ್ರಾಡ್‌ಫರ್ಡಿನಲ್ಲಿ ಅವರೊಂದಿಗೆ ದುಡಿದ ಫ್ರೆಡ್ ಜೋವೆಟ್ ಆ ಸದಸ್ಯರಲ್ಲೊಬ್ಬರು.

ಆ ವರ್ಷವೇ ಶಾಲಾಮಕ್ಕಳ ಊಟದ ಶಾಸನ ಅಂಗೀಕೃತವಾಯಿತು. ಹಸಿದ ಮಕ್ಕಳಿಗೆ ಊಟವಿಕ್ಕಲು ಸ್ಥಳೀಯ ಸಂಸ್ಥೆಗಳು ಪೌಂಡಿಗೆ ಅರ್ಧ ಪೆನ್ನಿಯವರೆಗೆ ಕರ ಎತ್ತಬಹುದು ಎಂದು ಅದು ಹೇಳಿತು. ಇಲ್ಲಿ ಗಮನಿಸಬೇಕಾದ ಪದ 'ಬಹುದು'. ಕಾಯಿದೆಯ ಭಾಷೆಯಲ್ಲಿ ಮಾಡಬಹುದು ಎಂಬುದಕ್ಕೂ ಮಾಡತಕ್ಕದ್ದು ಎಂಬುದಕ್ಕೂ ಭೂಮ್ಯಾಕಾಶಗಳ ಅಂತರವಿದೆ. ಮನಸ್ಸುಳ್ಳ ಊರಿನ ಮಗು ಉಂಡಿತು. ಮನಸ್ಸಿಲ್ಲದ ಊರಿನ ಮಗು ಹಸಿದೇ ಕುಳಿತಿತು. ಬ್ರಾಡ್‌ಫರ್ಡ್ ನಗರ 1907ರಲ್ಲಿಯೇ ಅಡಿಗೆಮನೆ ತೆರೆದು ಊಟವಿಕ್ಕತೊಡಗಿತು. ಹಲವು ಊರುಗಳು ಕೈಕಟ್ಟಿ ಕುಳಿತವು.

ಮುಂದಿನ ವರ್ಷ ಬಂದ ಶಾಸನ ಇನ್ನೂ ಮುಖ್ಯವಾದುದು. ಶಿಕ್ಷಣ ಇಲಾಖೆಯ ಮುಖ್ಯ ಅಧಿಕಾರಿಯಾಗಿದ್ದ ರಾಬರ್ಟ್ ಮೊರಾಂಟ್ ಮಾರ್ಗರೆಟರ ವಿಚಾರಗಳಿಗೆ ಬೆಲೆಕೊಟ್ಟವರು. 1907ರ ಶಿಕ್ಷಣ ಆಡಳಿತ ಶಾಸನದ ಹಲವು ಸಾಮಾನ್ಯ ಕಲಮುಗಳ ನಡುವೆ ವೈದ್ಯಕೀಯ ತಪಾಸಣೆಯ ಕಲಮೂ ಸೇರಿತು. ಈ ಬಾರಿ ಬಂದದ್ದು 'ತಕ್ಕದ್ದು'. ಪ್ರಾಥಮಿಕ ಶಾಲೆಯ ಪ್ರತಿಯೊಂದು ಮಗುವನ್ನೂ ವೈದ್ಯರು ಪರೀಕ್ಷಿಸುವ ಏರ್ಪಾಡನ್ನು ಸ್ಥಳೀಯ ಸಂಸ್ಥೆಗಳು ಮಾಡತಕ್ಕದ್ದೆಂದು ವಿಧಿಸಲಾಯಿತು. ಆದರೆ ರೋಗ ಕಂಡುಹಿಡಿಯುವುದು ಕಡ್ಡಾಯವಾದರೂ ಚಿಕಿತ್ಸೆ ಮಾತ್ರ ಐಚ್ಛಿಕವಾಗಿಯೇ ಉಳಿಯಿತು. ಮಗುವಿನ ಕಿವಿ ಸೋರುತ್ತಿದೆಯೆಂದು ಕಾಗದದಲ್ಲಿ ಬರೆದುಕೊಟ್ಟರೆ ಬಡತಾಯಿ ಆ ಕಾಗದವನ್ನು ಹಿಡಿದು ಎಲ್ಲಿಗೆ ಹೋಗಬೇಕು? ಶಾಸನ ಬಿಟ್ಟ ಈ ತೆರಪನ್ನು ತುಂಬುವುದೇ ಸೋದರಿಯರ ಮುಂದಿನ ಕೆಲಸವಾಯಿತು.

ಜೋಸೆಫ್ ಫೆಲ್ಸ್ ಎಂಬ ಅಮೆರಿಕದ ಸಾಬೂನು ಉದ್ಯಮಿಯ ಧನಸಹಾಯದಿಂದ 1908ರಲ್ಲಿ ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಶಾಲಾಮಕ್ಕಳ ಚಿಕಿತ್ಸಾಲಯ ತೆರೆಯಿತು. 1910ರಲ್ಲಿ ಅದು ಥೇಮ್ಸ್ ನದಿಯ ದಕ್ಷಿಣ ದಡದ ಡೆಟ್‌ಫರ್ಡಿಗೆ ಸ್ಥಳಾಂತರಗೊಂಡಿತು. ಡೆಟ್‌ಫರ್ಡ್ ಒಂದು ಕಾಲಕ್ಕೆ ಹಡಗು ಕಟ್ಟುವ ಹೆಸರಾಂತ ಸ್ಥಳ. ಆಗ ಅದು ಇಕ್ಕಟ್ಟಾದ ಓಣಿಗಳ, ಬೆಳಕು ಕಾಣದ ಕೋಣೆಗಳ, ದಿನಗೂಲಿಯ ಜನರ ವಸತಿ. ಚಿಕಿತ್ಸಾಲಯದಲ್ಲಿ ಹಲ್ಲು, ಕಣ್ಣು, ಕಿವಿ, ಗಂಟಲು, ಚರ್ಮದ ಬೇನೆಗಳಿಗೆ ಔಷಧೋಪಚಾರ ನಡೆಯಿತು. ಮಕ್ಕಳು ಗುಣಹೊಂದಿ ಮನೆಗೆ ಹೋದರು. ಕೆಲವು ವಾರಗಳಲ್ಲಿ ಅದೇ ಮಕ್ಕಳು ಅದೇ ಬೇನೆಗಳನ್ನು ಹೊತ್ತು ಮತ್ತೆ ಬಾಗಿಲಿಗೆ ಬಂದರು. ಔಷಧಿ ಸೋತಿರಲಿಲ್ಲ, ಮಗು ಮರಳಿ ಹೋದ ಕೋಣೆ ಅದನ್ನು ಸೋಲಿಸಿತ್ತು. ಸೋದರಿಯರು ಈ ಪಾಠವನ್ನು ಕಲಿತರು. ರೋಗಕ್ಕೆ ಮದ್ದುಕೊಡುವುದರ ಜೊತೆಗೆ ರೋಗ ಹುಟ್ಟದಂತೆ ಬೆಳಕು, ಗಾಳಿ, ನೀರು, ಅನ್ನ, ನಿದ್ರೆಗಳನ್ನು ಕೊಡಬೇಕೆಂದು ನಿಶ್ಚಯಿಸಿದರು.

1911ರಲ್ಲಿ ಚಿಕಿತ್ಸಾಲಯದ ಹಿಂದಿನ ತೋಟದಲ್ಲಿ ಹೆಣ್ಣುಮಕ್ಕಳಿಗಾಗಿ ಇರುಳಿನ ಶಿಬಿರ ಆರಂಭವಾಯಿತು. ಸಂಜೆ ಬಂದ ಹುಡುಗಿಯರು ಬಿಸಿನೀರಿನಲ್ಲಿ ಮಿಂದು, ಶುಭ್ರವಾದ ಉಡುಪು ಧರಿಸಿ, ತೆರೆದ ಗಾಳಿಯಲ್ಲಿ ಮಲಗಿ, ಬೆಳಿಗ್ಗೆ ಗಂಜಿ ಉಂಡು ಶಾಲೆಗೆ ಹೋಗುತ್ತಿದ್ದರು. ಆ ಮಕ್ಕಳ ಮುಖದಲ್ಲಿ ರಕ್ತ ಕಾಣಿಸಿತು. ಆದರೆ ಸೋದರಿಯರ ದೃಷ್ಟಿ ಇನ್ನೂ ಹಿಂದಕ್ಕೆ ಹೋಯಿತು. ಹನ್ನೆರಡು ವರ್ಷದವಳ ಬಾಗಿದ ಕಾಲು ಬಾಗಿದ್ದು ಎರಡನೆಯ ವರ್ಷದಲ್ಲಿ. ಕೆಟ್ಟ ಕಿವಿ ಕೆಟ್ಟದ್ದು ಮೂರನೆಯ ವರ್ಷದಲ್ಲಿ. ಶಾಲೆಯ ವೈದ್ಯರು ಮಗುವನ್ನು ಮೊದಲ ಬಾರಿಗೆ ಕಾಣುವ ಹೊತ್ತಿಗೆ ಆಗಬೇಕಾದ ಹಾನಿ ಆಗಿಹೋಗಿರುತ್ತಿತ್ತು.

ಆ ವಯಸ್ಸಿನ ಮಕ್ಕಳ ಗತಿ ಆಗ ಇನ್ನಷ್ಟು ಶೋಚನೀಯವಾಗಿತ್ತು. ಅದುವರೆಗೆ ಮೂರು ನಾಲ್ಕು ವರ್ಷದ ಅಸಂಖ್ಯ ಮಕ್ಕಳು ಹಿರಿಯರ ಜೊತೆಯಲ್ಲಿ ಸಾಮಾನ್ಯ ಶಾಲೆಗೆ ಬಂದು, ಅಲ್ಲಾಡದೆ ಸಾಲಾಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಇದು ಎಳೆಯರಿಗೆ ತಕ್ಕುದಲ್ಲವೆಂದು 1905ರಲ್ಲಿ ಸ್ತ್ರೀ ಶಾಲಾನಿರೀಕ್ಷಕರು ವರದಿ ಮಾಡಿದರು. ವರದಿ ಸತ್ಯವಾಗಿತ್ತು. ಆದರೆ ಅದರಿಂದ ಬಂದ ಫಲ ವಿಪರೀತವಾಯಿತು. ಐದು ವರ್ಷದೊಳಗಿನವರನ್ನು ಶಾಲೆಗೆ ಸೇರಿಸಿಕೊಳ್ಳದೆ ಇರಲು ಸ್ಥಳೀಯ ಸಂಸ್ಥೆಗಳಿಗೆ ಅನುಮತಿ ದೊರೆಯಿತು. ಅವರಿಗಾಗಿ ಬೇರೆ ಏರ್ಪಾಡನ್ನು ಮಾತ್ರ ಯಾರೂ ಮಾಡಲಿಲ್ಲ. ಬೆಂಚಿನಿಂದ ಇಳಿಸಿದ ಮಗು ಬೀದಿಯಲ್ಲಿ ನಿಂತಿತು.

ಹೀಗೆ ಬೀದಿಯಲ್ಲಿ ನಿಂತ ಮಗುವಿಗಾಗಿ 1914ರಲ್ಲಿ ಡೆಟ್‌ಫರ್ಡಿನ ಬಯಲು ಶಿಶುಶಾಲೆ ರೂಪತಾಳಿತು. ಲಂಡನ್ ಪ್ರಾಂತಸಭೆಗೆ ಸೇರಿದ್ದ ಖಾಲಿ ನಿವೇಶನವೊಂದು ನಾಮಮಾತ್ರ ಬಾಡಿಗೆಗೆ ಸಿಕ್ಕಿತು. ಅದನ್ನು ಹಸನುಗೊಳಿಸಿ ತೋಟ ಮಾಡಿದರು. ತೋಟದ ನಡುನಡುವೆ ಒಂದು ಮಗ್ಗುಲು ಪೂರ್ತಿ ತೆರೆದ ಹಗುರವಾದ ಸೂರುಗಳು. ಪ್ರತಿ ಸೂರಿನ ಮಕ್ಕಳಿಗೂ ಸ್ನಾನದ ಏರ್ಪಾಡು. ಎರಡು ವರ್ಷದಿಂದ ಐದು ವರ್ಷದವರೆಗಿನ ಮಕ್ಕಳು ಮುಂಜಾನೆ ಬಂದು ಸಂಜೆಯವರೆಗೂ ಅಲ್ಲಿರುತ್ತಿದ್ದರು. ಬಂದೊಡನೆ ಸ್ನಾನ, ಶುಭ್ರವಾದ ಉಡುಪು, ದಿನಕ್ಕೆ ಮೂರು ಹೊತ್ತಿನ ಆಹಾರ, ಮಧ್ಯಾಹ್ನ ಪುಟ್ಟ ಮಂಚಗಳ ಮೇಲೆ ನಿದ್ರೆ. ತೋಟದಲ್ಲಿ ಹೂವು, ತರಕಾರಿ, ಪರಿಮಳದ ಎಲೆಗಳು, ಸಾಕುಪ್ರಾಣಿಗಳು. ಒಂದು ಮೂಲೆಯಲ್ಲಿ ಕಲ್ಲು, ಹಳೆಯ ಡಬ್ಬಿ, ಒಡಕು ಪಾತ್ರೆಗಳ ಗುಡ್ಡೆಯೂ ಇತ್ತು. ಮಕ್ಕಳಿಗೆ ಅಂಗಡಿಯ ಆಟಿಕೆಗಳಿಗಿಂತ ಅಂಥ ಗುಡ್ಡೆಯೇ ಪ್ರಿಯವೆಂಬುದನ್ನು ಮಾರ್ಗರೆಟರು ಕಂಡುಕೊಂಡಿದ್ದರು. ಅಕ್ಷರಾಭ್ಯಾಸದ ಅವಸರ ಅಲ್ಲಿರಲಿಲ್ಲ. ಕೈ, ಕಣ್ಣು, ಕಿವಿ, ನಾಲಗೆಗಳು ಚೆನ್ನಾಗಿ ಕೆಲಸ ಮಾಡಲು ಕಲಿತರೆ ಬುದ್ಧಿ ತಾನೇ ಅರಳುವುದೆಂದು ಅವರು ನಂಬಿದ್ದರು. ಫ್ರಾನ್ಸಿನ ವೈದ್ಯ ಸೆಗ್ವಿನರ ಇಂದ್ರಿಯ ಶಿಕ್ಷಣದ ವಿಚಾರಗಳು ಈ ನಂಬಿಕೆಗೆ ಬಲವಿತ್ತಿದ್ದವು.

ಶಾಲೆ ಮೊಳೆತ ವರ್ಷವೇ ಮಹಾಯುದ್ಧ ಸಿಡಿಯಿತು. ನೆರವಿತ್ತ ಫೆಲ್ಸರು ಅದೇ ವರ್ಷ ತೀರಿಕೊಂಡಿದ್ದರು. ಗಂಡಸರು ರಣರಂಗಕ್ಕೆ ಹೋದರು. ಹೆಂಗಸರು ಮದ್ದುಗುಂಡಿನ ಕಾರ್ಖಾನೆಗಳಿಗೆ ನಡೆದರು. ಈಗ ಸರಕಾರಕ್ಕೇ ತಾಯಂದಿರ ದುಡಿಮೆ ಬೇಕಾಯಿತು. ಹಾಗಾಗಿ ಅವರ ಮಕ್ಕಳ ಪಾಲನೆಗೆ ಮದ್ದುಗುಂಡು ಇಲಾಖೆ ಅನುದಾನ ಕೊಟ್ಟಿತು. ಶಾಂತಿಕಾಲದಲ್ಲಿ ಅಸಾಧ್ಯವೆನಿಸಿದ್ದು ಯುದ್ಧಕಾಲದಲ್ಲಿ ಸಾಧ್ಯವಾದ ಈ ವಿಪರ್ಯಾಸವನ್ನು ಮಾರ್ಗರೆಟರು ಅರಿಯದವರಲ್ಲ. ಆದರೆ ಮಗುವಿನ ಹಸಿವಿಗೆ ವಿಪರ್ಯಾಸ ತಿಳಿಯದು. ಅನುದಾನವನ್ನು ಸ್ವೀಕರಿಸಿ ಕೆಲಸ ಮುಂದುವರಿಸಿದರು.

ಸೋದರಿಯರಲ್ಲಿ ಮಾತಿನ ಶಕ್ತಿ ತಂಗಿಯದು; ಸಹನೆಯ ಶಕ್ತಿ ಅಕ್ಕನದು. ತಂಗಿ ಸಭೆಗಳಿಗೆ ಹೋದಾಗ ಅಕ್ಕ ಮಕ್ಕಳ ಬಳಿ ನಿಂತರು. ತಂಗಿ ಬರೆಯುವಾಗ ಅಕ್ಕ ಲೆಕ್ಕ ಬರೆದರು. ವಾಯುದಾಳಿಗಳ ಭಯ, ಹಣದ ಅಡಚಣೆ, ಬಿಡುವಿಲ್ಲದ ದುಡಿಮೆಗಳಿಂದ ರೇಚಲರ ದೇಹ ಕುಗ್ಗಿತು. 1917ರ ಮಾರ್ಚ್ 25ರಂದು, ತಮ್ಮ 58ನೆಯ ಹುಟ್ಟುಹಬ್ಬದ ದಿನವೇ ಅವರು ಇಹಲೋಕವನ್ನು ತ್ಯಜಿಸಿದರು. ಮಾರ್ಗರೆಟರ ಜೀವನದ ಅರ್ಧವೇ ಮಣ್ಣು ಸೇರಿತು. ಅವರು ಶಿಶುಶಾಲೆಗೆ ಅಕ್ಕನ ಹೆಸರನ್ನಿಟ್ಟರು. ದುಃಖವನ್ನು ಒಳಗಿಟ್ಟುಕೊಂಡು ಮತ್ತೆ ಅಧಿಕಾರಿಗಳ ಬಾಗಿಲಿಗೆ ನಡೆದರು.

ಅದೇ ವರ್ಷ ಶಾಲೆಯ ವಿಸ್ತರಿಸಿದ ಭಾಗವನ್ನು ಆರಂಭಿಸಲು ಶಿಕ್ಷಣ ಮಂತ್ರಿ ಎಚ್.ಎ.ಎಲ್. ಫಿಷರ್ ಡೆಟ್‌ಫರ್ಡಿಗೆ ಬಂದರು. ಫಿಷರ್ ಹೊಸ ಶಿಕ್ಷಣ ಮಸೂದೆಯನ್ನು ಸಿದ್ಧಪಡಿಸುತ್ತಿದ್ದ ಕಾಲವದು. ಶಾಸನ ಮಾಡುವವರಿಗೆ ಮನವಿಪತ್ರವನ್ನು ಕೊಡುವುದಕ್ಕಿಂತ ಅವರನ್ನು ಕರೆತಂದು ಮಕ್ಕಳನ್ನು ತೋರಿಸುವುದು ಮೇಲೆಂಬುದು ಮಾರ್ಗರೆಟರ ಬಹುಕಾಲದ ಅನುಭವ. ಗೋಡೆಯ ಆಚೆ ಓಣಿಯ ಮಕ್ಕಳು. ಗೋಡೆಯ ಈಚೆ ತೋಟದ ಮಕ್ಕಳು. ಇಬ್ಬರೂ ಅದೇ ಬೀದಿಯವರು, ಅದೇ ಕೂಲಿಕಾರರ ಕುಡಿಗಳು. ಇದಕ್ಕಿಂತ ಬಲವಾದ ವಾದ ಮತ್ತೊಂದಿರಲಿಲ್ಲ.

1918ರ ಶಿಕ್ಷಣ ಶಾಸನದಲ್ಲಿ ಎರಡರಿಂದ ಐದು ವರ್ಷದ ಮಕ್ಕಳಿಗಾಗಿ ಶಿಶುಶಾಲೆಗಳನ್ನು ತೆರೆಯಲು ಅಥವಾ ಅವುಗಳಿಗೆ ನೆರವು ನೀಡಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ದೊರೆಯಿತು. ಇಂಗ್ಲೆಂಡಿನ ಕಾನೂನಿನಲ್ಲಿ ಎಳೆಯ ಶಿಶುವಿಗೆ ಇಂಥದೊಂದು ಸ್ಥಾನ ದೊರೆತದ್ದು ಇದೇ ಮೊದಲು. ಆದರೆ ಮತ್ತೆ ಅದೇ 'ಬಹುದು'. ಮಾರ್ಗರೆಟರು 1919ರಲ್ಲಿ ಶಿಶುಶಾಲೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿ, ಅದನ್ನು ನಡೆಸುವ ವಿಧಾನವನ್ನು ಸ್ನಾನದ ತೊಟ್ಟಿಯಿಂದ ತೋಟದ ಗಿಡದವರೆಗೆ ವಿವರಿಸಿದರು. ಬೆನ್ನಲ್ಲೇ ಯುದ್ಧಾನಂತರದ ಹಣದ ಮುಗ್ಗಟ್ಟು ಬಂದಿತು. ಸರಕಾರ ಮಿತವ್ಯಯದ ಹೆಸರಿನಲ್ಲಿ ಕೊಡಲಿ ಎತ್ತಿದಾಗ ಐಚ್ಛಿಕವಾದ ಕೆಲಸಗಳೇ ಮೊದಲು ಉರುಳಿದವು. 1920ರ ದಶಕದ ಕೊನೆಗೂ ದೇಶದಲ್ಲಿದ್ದ ಶಿಶುಶಾಲೆಗಳು ಮೂರು ನಾಲ್ಕು ಹತ್ತುಗಳನ್ನು ಮೀರಿರಲಿಲ್ಲ. ಕಡ್ಡಾಯವಾಗಿದ್ದ ವೈದ್ಯಕೀಯ ತಪಾಸಣೆ ಮಾತ್ರ ಎಲ್ಲೆಡೆ ನಡೆದೇ ಇತ್ತು. ಒಂದು ಕ್ರಿಯಾಪದದ ವ್ಯತ್ಯಾಸ ಎಷ್ಟು ಮಕ್ಕಳ ಹಣೆಬರಹವನ್ನು ಬರೆಯಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1923ರಲ್ಲಿ ಶಿಶುಶಾಲಾ ಸಂಘ ಸ್ಥಾಪನೆಯಾಯಿತು. ಮಾರ್ಗರೆಟ್ ಅದರ ಮೊದಲ ಅಧ್ಯಕ್ಷರಾದರು. ಆದರೆ ಸಂಘದ ಸಹಕಾರ್ಯಕರ್ತರೊಂದಿಗೆ ಅವರಿಗೆ ಭಿನ್ನಾಭಿಪ್ರಾಯಗಳು ಬೆಳೆದವು. ಹಲವರು ಪುಟ್ಟ ಶಾಲೆಗಳೂ ಕಡಿಮೆ ಹೊತ್ತೂ ಸಾಕೆಂದರು. ನೂರಾರು ಮಕ್ಕಳ ದೊಡ್ಡ ಶಾಲೆಯೇ ಬೇಕು, ತಾಯಿ ದುಡಿದು ಬರುವಷ್ಟು ಹೊತ್ತು ಅದು ತೆರೆದಿರಬೇಕು ಎಂಬುದು ಮಾರ್ಗರೆಟರ ಹಟ. ಶಾಲೆ ದೊಡ್ಡದಾದರೆ ತಲಾ ವೆಚ್ಚ ಇಳಿಯುತ್ತದೆ, ಬಡವರ ಇಡೀ ಓಣಿಗೆ ಅದು ಎಟುಕುತ್ತದೆ ಎಂಬುದು ಅವರ ಲೆಕ್ಕ. 1929ರಲ್ಲಿ ಅವರು ಅಧ್ಯಕ್ಷಸ್ಥಾನವನ್ನು ಬಿಟ್ಟರು. ಅವರ ಸ್ವಭಾವದಲ್ಲಿ ಬಾಗುವ ಗುಣ ಕಡಿಮೆಯಿತ್ತೆಂಬುದನ್ನು ಮರೆಮಾಚಬೇಕಿಲ್ಲ. ಬಾಗದ ಆ ಗುಣವೇ ಬ್ರಾಡ್‌ಫರ್ಡಿನಲ್ಲಿ ಸ್ನಾನಗೃಹವನ್ನು ಕಟ್ಟಿಸಿತ್ತು. ಅದೇ ಗುಣ ಮುಪ್ಪಿನಲ್ಲಿ ಅವರನ್ನು ಜೊತೆಗಾರರಿಂದ ದೂರ ಮಾಡಿತು. ಪಕ್ಷದ ವಿಷಯದಲ್ಲಿ ಮಾತ್ರ ಅವರು ಹಟ ಹಿಡಿಯಲಿಲ್ಲ. ಮಕ್ಕಳಿಗೆ ನೆರವಾಗುವವರು ಯಾವ ಪಕ್ಷದವರಾದರೂ ಅವರ ಮನೆಗೆ ಹೋದರು. ಕಾಮನ್ಸ್ ಸಭೆಯಲ್ಲಿ ಮೊದಲು ಸ್ಥಾನ ಸ್ವೀಕರಿಸಿದ ಮಹಿಳೆ ನ್ಯಾನ್ಸಿ ಆಸ್ಟರ್ ಕನ್ಸರ್ವೇಟಿವ್ ಪಕ್ಷದವರು. ಅವರು ಮಾರ್ಗರೆಟರ ಅಂತಿಮ ವರ್ಷಗಳ ದೊಡ್ಡ ಆಸರೆಯಾದರು.

ಕೊನೆಯ ಆಸೆಯೊಂದು ಉಳಿದಿತ್ತು. ಎಳೆಯ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಸಾಕೆಂಬ ಸಾಮಾನ್ಯ ಭಾವನೆಯನ್ನು ಮಾರ್ಗರೆಟರು ಒಪ್ಪಿದವರಲ್ಲ. ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ವಯಸ್ಸಿನ ಮಗುವಿಗೆ ಅತ್ಯುತ್ತಮ ಶಿಕ್ಷಕರೇ ಬೇಕು, ಅವರಿಗೆ ಮೂರು ವರ್ಷದ ತರಬೇತಿ ಬೇಕೆಂದು ಅವರು ವಾದಿಸಿದರು. 1930ರ ಮೇ 8ರಂದು ಡೆಟ್‌ಫರ್ಡಿನಲ್ಲಿ ರೇಚಲ್ ಮ್ಯಾಕ್‌ಮಿಲನ್ ಶಿಕ್ಷಕರ ತರಬೇತಿ ವಿದ್ಯಾಲಯವನ್ನು ರಾಣಿ ಮೇರಿ ಉದ್ಘಾಟಿಸಿದರು. ಇಲ್ಲಿಯೂ ಮಾರ್ಗರೆಟರು ತಮ್ಮ ಹೆಸರನ್ನು ಹಿಂದಿಟ್ಟು ಅಕ್ಕನ ಹೆಸರನ್ನು ಮುಂದಿಟ್ಟರು. ಅಷ್ಟರಲ್ಲಿ ಡೆಟ್‌ಫರ್ಡಿನ ಕೀರ್ತಿ ಸಮುದ್ರವನ್ನು ದಾಟಿತ್ತು. 1921ರಲ್ಲಿ ಅಲ್ಲಿ ಕಲಿತು ಹೋದ ಅಮೆರಿಕದ ಅಬಿಗೇಲ್ ಎಲಿಯಟ್ 1922ರಲ್ಲಿ ಬಾಸ್ಟನ್ ನಗರದಲ್ಲಿ ಶಿಶುಶಾಲೆಯನ್ನು ಆರಂಭಿಸಿದ್ದರು. ಹುಟ್ಟಿದ ನಾಡಿಗೆ ಐದು ವರ್ಷದ ಬಾಲೆಯಾಗಿ ಬೆನ್ನುಮಾಡಿದ ಮಾರ್ಗರೆಟರ ವಿಚಾರ ಹೀಗೆ ಆ ನಾಡಿಗೆ ಮರಳಿ ಮುಟ್ಟಿತು.

1931ರ ಮಾರ್ಚ್ ತಿಂಗಳಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಮಾರ್ಗರೆಟ್ ಮ್ಯಾಕ್‌ಮಿಲನ್ ತೀರಿಕೊಂಡರು. ಅದೂ ಅಕ್ಕ ಅಗಲಿದ ಮಾರ್ಚ್ ತಿಂಗಳೇ. ಅವರನ್ನು ಅಕ್ಕನ ಸಮಾಧಿಯಲ್ಲಿಯೇ ಮಣ್ಣುಮಾಡಲಾಯಿತು.

ಅವರು ಕೇಳಿದ್ದೆಲ್ಲ ಅವರಿಗೆ ದೊರೆಯಲಿಲ್ಲ. ಶಾಲಾಮಕ್ಕಳ ಊಟವೂ ಉಚಿತ ಚಿಕಿತ್ಸೆಯೂ ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು 1944ರ ಶಿಕ್ಷಣ ಶಾಸನ ವಿಧಿಸಿದಾಗ ಅವರು ಕಾಲವಾಗಿ ಹದಿಮೂರು ವರ್ಷಗಳಾಗಿದ್ದವು. 1906ರ 'ಬಹುದು' 'ತಕ್ಕದ್ದು' ಆಗಲು 38 ವರ್ಷಗಳು ಹಿಡಿದವು. ಶಿಶುಶಾಲೆಯ ವಿಷಯದಲ್ಲಿ ಆ ಶಾಸನವೂ ಅಗತ್ಯವನ್ನು ಗಮನದಲ್ಲಿಡಬೇಕೆಂಬಷ್ಟಕ್ಕೆ ನಿಂತಿತು. ಆದರೂ 1914ರಲ್ಲಿ ಖಾಲಿ ನಿವೇಶನದಲ್ಲಿ ಮೊಳೆತ ಡೆಟ್‌ಫರ್ಡಿನ ಶಾಲೆ ಒಂದು ಶತಮಾನವನ್ನು ದಾಟಿ ಬಾಳಿತು. ಅಲ್ಲಿಯ ತೋಟದಲ್ಲಿ ಆಡಿದ ಮಕ್ಕಳ ಮಕ್ಕಳು, ಮೊಮ್ಮಕ್ಕಳು ಶಾಲೆ ಕಲಿತು ಬಾಳಿದರು.

ಮಗು ಮತದಾರನಲ್ಲ. ಅದು ನಿಯೋಗ ಕಟ್ಟಿಕೊಂಡು ಮಂತ್ರಿಯ ಮನೆಗೆ ಹೋಗಲಾರದು, ಮನವಿಗೆ ಸಹಿ ಹಾಕಲಾರದು, ಮುಷ್ಕರ ಹೂಡಲಾರದು. ಅದರ ಪರವಾಗಿ ಮಾತನಾಡುವವರು ಬೇರೆಯೇ ಬೇಕು. ಮತ್ತು ಆ ಮಾತು ಒಂದು ದಿನದ ಭಾಷಣವಾದರೆ ಸಾಲದು. ಎಳವೆಯಲ್ಲಿ ಒಂಬತ್ತು ವರ್ಷ ಲೋಕದ ದನಿಯನ್ನು ಸರಿಯಾಗಿ ಕೇಳಲಾರದೆ ಬೆಳೆದ ಹುಡುಗಿಯೊಬ್ಬಳು ದೊಡ್ಡವಳಾಗಿ, ದನಿಯಿಲ್ಲದ ಕೂಸುಗಳ ದನಿಯನ್ನು ಪಾರ್ಲಿಮೆಂಟಿಗೆ ಕೇಳಿಸಿದಳು. ಆಳುವವರು ಕೇಳದಿದ್ದಾಗ ಮತ್ತೆ ಹೋದಳು. ಅರ್ಧ ಕೇಳಿದಾಗ ಉಳಿದರ್ಧಕ್ಕಾಗಿ ಮತ್ತೊಮ್ಮೆ ಹೋದಳು. ಶಾಸನಗಳ ಪುಟಗಳಲ್ಲಿ ಅವಳ ಹೆಸರಿಲ್ಲ. ತಪಾಸಣೆಯಿಂದ ದೃಷ್ಟಿ ಉಳಿಸಿಕೊಂಡ, ಶಾಲೆಯ ಊಟದಿಂದ ಬಲ ಪಡೆದ, ನೇರವಾದ ಕಾಲುಗಳ ಮೇಲೆ ನಿಂತು ನಡೆದ ಅಸಂಖ್ಯ ಮಕ್ಕಳ ಬಾಳಿನಲ್ಲಿ ಆ ಹೆಸರು ಅಳಿಯದೆ ನಿಂತಿದೆ.